ನಮ್ಮ ಕಡೆ ಬಿಎ ಹಿಸ್ಟರಿ: ಪದವಿ ಸಿಗುತ್ತದೆ, ಕೆಲಸ ಕಲಿಸುವವರು ಯಾರು?

ಕಲಬುರಗಿ, ಬೀದರ್, ಯಾದಗಿರಿ ಕಡೆ ಪಿಯುಸಿ ಆರ್ಟ್ಸ್ ಮುಗಿಸಿ ಡಿಗ್ರಿಗೆ ಬರುವವರಲ್ಲಿ ಇತಿಹಾಸವೇ ಬೇಕು ಅಂತ ಹಟ ಹಿಡಿದು ಬರುವವರು ಕಡಿಮೆ. ಕಾಲೇಜಿನಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಇರುತ್ತದೆ, ಎಚ್‌ಇಎಸ್ (ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ) ಇರುತ್ತದೆ, ಐಚ್ಛಿಕ ಕನ್ನಡ ಸೇರಿದ ಇನ್ನೊಂದು ಕಾಂಬಿನೇಷನ್ ಇರುತ್ತದೆ, ಯಾವುದು ತಗೊಂಡರೂ ಮೊದಲ ಅಕ್ಷರ ಎಚ್. ಹಾಗಾಗಿ ಇತಿಹಾಸ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಆಮೇಲೆ ಊರಲ್ಲಿ ಯಾರಾದರೂ ಸಿಕ್ಕು 'ಹಿಸ್ಟರಿ ತಗೊಂಡು ಏನ್ ಮಾಡ್ತಿ ತಮ್ಮಾ, ನೌಕ್ರಿ ಎಲ್ಲದ?' ಅಂತ ಕೇಳುತ್ತಾರೆ. ಹುಡುಗ 'ಕೆಎಎಸ್‌ಗೆ ಉಪಯೋಗ ಆಗ್ತದ ಕಾಕಾ' ಅನ್ನುತ್ತಾನೆ. ಅಲ್ಲಿಗೆ ಮಾತು ಮುಗೀತು.

ಕಾಕಾ ಕೇಳಿದ್ದರಲ್ಲಿ ತಪ್ಪೇನಿಲ್ಲ. ಮನೆಗೆ ಒಬ್ಬರಾದರೂ ಸಂಬಳ ತರಬೇಕು ಅನ್ನುವ ಕಡೆ ನೌಕರಿ ವಿಷಯ ಕೇಳದೇ ಇನ್ನೇನು ಕೇಳುತ್ತಾರೆ? ಆದರೆ ಮೂರು ವರ್ಷ ಕೂತು ಈ ಹುಡುಗ ಕಲಿಯುವುದು ಏನನ್ನು ಅಂತ ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ, ಕಾಲೇಜಿನವರೂ ಹೇಳುವುದಿಲ್ಲ. ನನಗೆ ಅನಿಸುವುದು ಇಷ್ಟೇ: ಇತಿಹಾಸಕ್ಕೆ ನೌಕರಿ ಇಲ್ಲ ಅನ್ನುವುದು ಅರ್ಧ ಮಾತು. ನಾವು ಇತಿಹಾಸದ ಪದವಿ ಕೊಡುತ್ತಿದ್ದೇವೆ, ಇತಿಹಾಸದ ಕೆಲಸ ಕಲಿಸುತ್ತಿಲ್ಲ ಅನ್ನುವುದು ಉಳಿದರ್ಧ. ಕಲ್ಲು, ಕಾಗದ, ಕಟ್ಟಡ, ಹಿರಿಯರ ಬಾಯಿಮಾತು, ಇವುಗಳಿಂದ ಹಿಂದೆ ನಡೆದದ್ದನ್ನು ಹೇಗೆ ಹೊರತೆಗೆಯುವುದು, ಯಾರ ಮಾತನ್ನು ಎಷ್ಟು ನಂಬುವುದು, ಎಲ್ಲಿ ಅನುಮಾನ ಪಡುವುದು, ಇದೇ ಆ ಕೆಲಸ. ಅದನ್ನು ಕಲಿಸದೇ ಬಿಟ್ಟಿರುವುದಾದರೂ ಎಲ್ಲಿ? ಇಂಥ ಸಾಮಗ್ರಿ ರಾಶಿ ರಾಶಿ ಬಿದ್ದಿರುವ ಈ ಮೂರು ಜಿಲ್ಲೆಗಳಲ್ಲಿ.

ಮೊದಲು ಪಠ್ಯಕ್ರಮದ ಗೊಂದಲ ನೋಡಿಬಿಡೋಣ, ಈಗ ಅಡ್ಮಿಷನ್‌ಗೆ ಬರುವವರಿಗೆ ಅದೇ ತಲೆನೋವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ್ದು ಕರ್ನಾಟಕ. ಮೂರು ಐಚ್ಛಿಕ ವಿಷಯ ಹೋಗಿ ಎರಡು ಮೇಜರ್ ಬಂದವು, ಜೊತೆಗೆ ಓಪನ್ ಎಲೆಕ್ಟಿವ್ ಬಂತು, ನಾಲ್ಕನೇ ವರ್ಷದ ಆನರ್ಸ್ ಬಂತು. ಸರ್ಕಾರ ಬದಲಾಯಿತು. 2024-25ರಿಂದ ನಾಲ್ಕು ವರ್ಷದ್ದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ ಓದುವ ಹಳೆ ಪದ್ಧತಿ ಹೆಚ್ಚುಕಡಿಮೆ ವಾಪಸ್ ಬಂತು. ಅಂದ್ರೆ 2021, 2022, 2023ರಲ್ಲಿ ಸೇರಿದವರದ್ದು ಒಂದು ಲೆಕ್ಕ, 2024ರಲ್ಲಿ ಸೇರಿದವರದ್ದು ಇನ್ನೊಂದು. ಒಂದೇ ಮನೆಯ ಅಕ್ಕ ತಂಗಿ ಒಂದೇ ಕಾಲೇಜಿಗೆ ಹೋದರೂ ಅಕ್ಕನ ನೋಟ್ಸು ತಂಗಿಗೆ ಪೂರ್ತಿ ಉಪಯೋಗಕ್ಕೆ ಬರಲಿಲ್ಲ.

ವಿಶ್ವವಿದ್ಯಾಲಯಗಳೂ ಒಡೆದಿವೆ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ ಮೊದಲು ಈ ಇಡೀ ಸೀಮೆಗೆಲ್ಲ ಒಂದೇ ಆಗಿತ್ತು. ಈಗ ಯಾದಗಿರಿ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯದ ಕಡೆ ಹೋದವು. ಬೀದರ್ ಜಿಲ್ಲೆಗೆ 2023ರಲ್ಲಿ ಬೇರೆ ವಿಶ್ವವಿದ್ಯಾಲಯ ಆಯಿತು, ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಸೇರಬೇಕಾದರೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಕಲಬುರಗಿ ನಗರದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳೂ ಇವೆ. ಬೋರ್ಡುಗಳಿಗೆ ಕೊರತೆ ಇಲ್ಲ ಬಿಡಿ.

ಈ ನೀತಿ ಒಳ್ಳೆಯದಾ, ಆ ನೀತಿ ಒಳ್ಳೆಯದಾ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಎರಡು ವಿಷಯ ಇದ್ದಾಗಲೂ ಮೂರು ವಿಷಯ ಇದ್ದಾಗಲೂ ಕ್ಲಾಸಿನಲ್ಲಿ ನಡೆಯುವುದು ಒಂದೇ. ಅದು ಏನು ಅಂತ ಒಂದು ಪ್ರಶ್ನೆ ಹಿಡಿದು ನೋಡೋಣ.

'ಮಹಮೂದ್ ಗವಾನನ ಸಾಧನೆಗಳನ್ನು ವಿವರಿಸಿ.' ಹತ್ತು ಅಂಕ. ಬಹಮನಿ ಬಗ್ಗೆ ಓದಿದ ಯಾವ ಹುಡುಗಿಯನ್ನು ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಉತ್ತರ ಬರುತ್ತದೆ. ಪರ್ಷಿಯಾದ ಗಿಲಾನ್‌ನವನು, ವ್ಯಾಪಾರಕ್ಕೆ ಬಂದವನು, ಪ್ರಧಾನಮಂತ್ರಿ ಆದ, ನಾಲ್ಕು ತರಫುಗಳನ್ನು (ಪ್ರಾಂತಗಳನ್ನು) ಎಂಟು ಮಾಡಿದ, 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ, ಶತ್ರುಗಳು ಖೊಟ್ಟಿ ಪತ್ರ ಬರೆದು ಸಿಕ್ಕಿಸಿದರು, 1481ರಲ್ಲಿ ಸುಲ್ತಾನ ತಲೆ ಕಡಿಸಿದ. ಇಷ್ಟು ಬರೆದರೆ ಏಳೋ ಎಂಟೋ ಅಂಕ ಗ್ಯಾರಂಟಿ. ಗೈಡಿನಲ್ಲೂ ಇಷ್ಟೇ ಇರುತ್ತದೆ, ನೋಟ್ಸಿನಲ್ಲೂ ಇಷ್ಟೇ, ಇಂಪಾರ್ಟೆಂಟ್ ಪ್ರಶ್ನೆಗಳ ಪಿಡಿಎಫ್‌ನಲ್ಲೂ ಇಷ್ಟೇ.

ಖೊಟ್ಟಿ ಪತ್ರದ ಕತೆ ನಮಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ನಮ್ಮ ಪುಸ್ತಕಗಳಲ್ಲಿ ಓಡಾಡುವ ಕತೆ ಬಹುಮಟ್ಟಿಗೆ ಚರಿತ್ರೆಕಾರ ಫರಿಶ್ತಾ ಹೇಳಿದ್ದು. ಫರಿಶ್ತಾ ಬರೆದದ್ದು ಗವಾನ್ ಸತ್ತು ಸುಮಾರು 125 ವರ್ಷ ಆದಮೇಲೆ, ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿ ಕೂತು. ಅವನೂ ಹೊರಗಿನಿಂದ ದಖ್ಖನ್ನಿಗೆ ಬಂದ ಮನೆತನದವನು, ಗವಾನನೂ ಹಾಗೆ ಬಂದವನು. ಬಹಮನಿ ದರ್ಬಾರಿನಲ್ಲಿ ದಖ್ಖನಿಗಳು ಒಂದು ಕಡೆ, ಹೊರಗಿನಿಂದ ಬಂದ ಅಫಾಕಿಗಳು ಇನ್ನೊಂದು ಕಡೆ ನಿಂತು ದೊಡ್ಡ ಜಗಳವೇ ನಡೆದಿತ್ತು. ಹಾಗಿದ್ದರೆ ಗವಾನನನ್ನು ಕೊಲ್ಲಿಸಿದವರ ಬಗ್ಗೆ ಫರಿಶ್ತಾ ಹೇಳುವುದನ್ನು ನಾವು ಎಷ್ಟರ ಮಟ್ಟಿಗೆ ತಗೊಳ್ಳಬೇಕು? ಇನ್ನೊಂದು ಮಜಾ ಇದೆ. ಗವಾನನೇ ಬರೆದ ಪತ್ರಗಳ ಸಂಗ್ರಹ ಉಳಿದಿದೆ, ರಿಯಾಜುಲ್ ಇನ್ಶಾ ಅಂತ. ಖೊಟ್ಟಿ ಪತ್ರದಿಂದ ಸತ್ತವನ ಖರೇ ಪತ್ರಗಳು ಇವತ್ತಿಗೂ ಓದಲಿಕ್ಕೆ ಸಿಗುತ್ತವೆ! ಇದನ್ನು ಕ್ಲಾಸಿನಲ್ಲಿ ಹೇಳಿದರೆ ಹಿಂದಿನ ಬೆಂಚಿನವನೂ ತಲೆ ಎತ್ತುತ್ತಾನೆ.

ಕಟ್ಟಡವೇ ಎದುರಿಗೆ ನಿಂತಿದೆ, ಅದಕ್ಕಾದರೂ ಹುಡುಗರನ್ನು ಕರೆದುಕೊಂಡು ಹೋಗುತ್ತಾರಾ ಅಂದರೆ, ಹೋದರೆ ಸೆಲ್ಫಿಗೆ. ಬೀದರಿನ ಆ ಮದರಸಾದ ಮುಂಭಾಗದಲ್ಲಿ ಒಂದು ಮಿನಾರು ಇದೆ, ಇನ್ನೊಂದು ಇಲ್ಲ. 1696ರಲ್ಲಿ, ಔರಂಗಜೇಬನ ಕಾಲ ಅದು, ಸಿಡಿಮದ್ದು ಸ್ಫೋಟಗೊಂಡು ಮುಂಭಾಗದ ಒಂದು ಪಾಲು ಹಾರಿಹೋಯಿತು, ಸಿಡಿಲು ಬಡಿದದ್ದೇ ಕಾರಣ ಅಂತಾರೆ. ಉಳಿದ ಭಾಗದಲ್ಲಿ ನೀಲಿ, ಬಿಳಿ, ಹಳದಿ ಬಣ್ಣದ ಹೆಂಚಿನ ಕೆಲಸ ಅಲ್ಲಲ್ಲಿ ಇನ್ನೂ ಅಂಟಿಕೊಂಡಿದೆ. ಇಂಥ ಹೆಂಚಿನ ಕೆಲಸ ಎಲ್ಲಿಂದ ಬಂತು, ಪಾಠ ಹೇಳುವ ಕಟ್ಟಡದಲ್ಲಿ ಮದ್ದು ಯಾಕಿತ್ತು, ಅಲ್ಲಿ ಆಗ ಯಾರಿದ್ದರು ಅಂತ ಕೇಳುತ್ತಾ ಹೋದರೆ ಒಂದು ಸೆಮಿಸ್ಟರ್ ಅದೊಂದೇ ಕಟ್ಟಡದ ಸುತ್ತ ನಡೆಸಬಹುದು. ನಾವು ಅದನ್ನು 'ಸಾಂಸ್ಕೃತಿಕ ಕೊಡುಗೆ' ಅನ್ನುವ ಶೀರ್ಷಿಕೆ ಕೆಳಗೆ ಒಂದು ಸಾಲಿನಲ್ಲಿ ಮುಗಿಸುತ್ತೇವೆ.

ಸನ್ನತಿ ಕತೆ ಇದಕ್ಕಿಂತ ದೊಡ್ಡದು. ಚಿತ್ತಾಪುರ ತಾಲೂಕು, ಭೀಮಾ ನದಿ ದಂಡೆ, ಚಂದ್ರಲಾಂಬಾ ದೇವಿ ಗುಡಿ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಅದು ಮನೆದೇವರು. 1986ರಲ್ಲಿ ಗುಡಿ ಆವರಣದ ಕಾಳಿ ಗುಡಿ ಛಾವಣಿ ಕುಸಿಯಿತು. ಆಗ ಮೂರ್ತಿ ಕೆಳಗಿನ ಪೀಠದ ಕಲ್ಲು ಹೊರಬಂತು. ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಯಾವಾಗಲೋ ಯಾರೋ ಒಳ್ಳೆ ಚಪ್ಪಟೆ ಕಲ್ಲು ಸಿಕ್ಕಿತು ಅಂತ ತಂದು, ಮೂರ್ತಿ ಕೂರಿಸಲಿಕ್ಕೆ ನಡುವೆ ತೂತು ಹೊಡೆದು ಪೀಠ ಮಾಡಿದ್ದರು. ತೂತು ಹೊಡೆದ ಜಾಗದ ಅಕ್ಷರ ಹೋದವು. ಆದರೆ ಗುಡಿಯೊಳಗೆ ಇದ್ದದ್ದಕ್ಕೇ ಆ ಕಲ್ಲು ಉಳಿಯಿತು ಅಂತಲೂ ಹೇಳಬಹುದು, ಹೊರಗಿದ್ದರೆ ಯಾರದೋ ಮನೆ ಗೋಡೆಗೆ ಹೋಗುತ್ತಿತ್ತೇನೋ.

ಆ ಕಲ್ಲಿನ ಒಂದು ಮಗ್ಗುಲಿಗೆ ಅಶೋಕನ 12 ಮತ್ತು 14ನೇ ಬಂಡೆ ಶಾಸನಗಳಿವೆ, ಇನ್ನೊಂದು ಮಗ್ಗುಲಿಗೆ 'ಪ್ರತ್ಯೇಕ ಶಾಸನ' ಅಂತ ಕರೆಯುವ ಎರಡು. ಈ ಪ್ರತ್ಯೇಕ ಶಾಸನಗಳು ಅಲ್ಲಿವರೆಗೆ ಗೊತ್ತಿದ್ದದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಕಳಿಂಗವನ್ನು ಗೆದ್ದ ಮೇಲೆ ಅಲ್ಲಿನ ಜನರಿಗಾಗಿ, ಅಲ್ಲಿನ ಅಧಿಕಾರಿಗಳಿಗಾಗಿ ಬರೆಸಿದ್ದು ಅಂತ ವಿದ್ವಾಂಸರು ವಿವರಿಸುತ್ತಿದ್ದರು. ಹಾಗಿದ್ದರೆ ಅದೇ ಮಾತು ಭೀಮಾ ದಂಡೆಗೆ ಯಾಕೆ ಬಂತು? ಇಲ್ಲೂ ಹೊಸದಾಗಿ ಗೆದ್ದ ನಾಡಿತ್ತಾ? ಇಲ್ಲಾ ಕಳಿಂಗದ ಬಗ್ಗೆ ನಾವು ಮಾಡಿಕೊಂಡ ವಿವರಣೆಯನ್ನೇ ತಿದ್ದಬೇಕಾ? ಕಲಬುರಗಿ ಜಿಲ್ಲೆಯ ಒಂದು ಕಲ್ಲು ಇಡೀ ದೇಶದ ಪುಸ್ತಕದಲ್ಲಿದ್ದ ಒಂದು ವಾಕ್ಯವನ್ನು ಅಲ್ಲಾಡಿಸಿತು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪದ ಅವಶೇಷ ಸಿಕ್ಕಿತು, ಅದರಲ್ಲಿ ಒಂದು ಫಲಕದ ಮೇಲೆ ರಾಜ, ರಾಣಿ, ಪರಿವಾರದ ಕೆತ್ತನೆ, ಮೇಲೆ 'ರಾಯೋ ಅಸೋಕೋ' ಅಂತ ಬರಹ. ಹೆಸರು ಸಮೇತ ಸಿಕ್ಕ ಅಶೋಕನ ಚಿತ್ರ.

ಇಷ್ಟೆಲ್ಲಾ ಇದ್ದು ನಮ್ಮ ಕಡೆಯ ಹುಡುಗ ಪರೀಕ್ಷೆಯಲ್ಲಿ ಬರೆಯುವುದು 'ಅಶೋಕನ ಧಮ್ಮದ ಮುಖ್ಯ ತತ್ವಗಳು', ಒಂದರಿಂದ ಎಂಟರವರೆಗೆ ನಂಬರ್ ಹಾಕಿ. ತಪ್ಪು ಹುಡುಗನದಲ್ಲ. ಹಿಂದಿನ ನೀತಿಯ ಹೊತ್ತಲ್ಲಿ ಮಾದರಿ ಪಠ್ಯಕ್ರಮ ಇಡೀ ರಾಜ್ಯಕ್ಕೇ ಒಂದು ಮಾಡಿದರು. ಮಂಗಳೂರಿಗೂ ಅದೇ, ಚಿಂಚೋಳಿಗೂ ಅದೇ. ಸ್ಥಳೀಯ ಇತಿಹಾಸಕ್ಕೆ ಎಲ್ಲೋ ಒಂದು ಮೂಲೆಯಲ್ಲಿ ಜಾಗ ಇದ್ದರೂ ಅದನ್ನು ನಡೆಸುವ ಮೇಷ್ಟ್ರು ಬೇಕಲ್ಲ. ಎಷ್ಟೋ ಕಾಲೇಜುಗಳಲ್ಲಿ ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಅನ್ನುವ ಭಯದಲ್ಲಿ, ಸಂಬಳ ತಿಂಗಳುಗಟ್ಟಲೆ ತಡವಾಗಿ ಬರುವಾಗ, ವಾರದ ಗಂಟೆ ಲೆಕ್ಕದಲ್ಲಿ ಪಾಠ ಹೇಳುವವರಿಗೆ 'ಹುಡುಗರನ್ನು ಸನ್ನತಿಗೆ ಕರೆದುಕೊಂಡು ಹೋಗಿ' ಅಂತ ಯಾವ ಬಾಯಲ್ಲಿ ಹೇಳುವುದು?

ಲೈಬ್ರರಿ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಅದೇ ಚಿತ್ತಾಪುರ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದ್ರೆ ಉನ್ನತ ವಿದ್ಯಾಕೇಂದ್ರ, ಇತ್ತು. 1058ರ ಶಾಸನ ಅಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಉಪಾಧ್ಯಾಯರು ಅಂತ ಲೆಕ್ಕ ಕೊಡುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 50. ಪುಸ್ತಕ ಭಂಡಾರ ನೋಡಿಕೊಳ್ಳಲಿಕ್ಕೆ 6 ಜನ ಸರಸ್ವತಿ ಭಂಡಾರಿಗರು. ಸಾವಿರ ವರ್ಷದ ಹಿಂದೆ 250 ವಿದ್ಯಾರ್ಥಿಗಳಿಗೆ ಆರು ಜನ ಲೈಬ್ರರಿಯನ್! ಈಗಿನ ಕಾಲೇಜುಗಳಲ್ಲಿ ಲೈಬ್ರರಿಯನ್ ಹುದ್ದೆ ಭರ್ತಿ ಆಗಿದೆಯಾ ಅಂತ ನೀವೇ ಹೋಗಿ ನೋಡಿ. (ಆ ಘಟಿಕಾಸ್ಥಾನಕ್ಕೆ ಯಾರಿಗೆ ಪ್ರವೇಶ ಇತ್ತು, ಯಾರಿಗೆ ಇರಲಿಲ್ಲ ಅನ್ನುವುದನ್ನೂ ಕೇಳಬೇಕು. ಸುಮ್ನೆ ಹೆಮ್ಮೆ ಪಟ್ಟು ಬಿಡುವುದು ಇತಿಹಾಸ ಓದಿದವರ ಲಕ್ಷಣ ಅಲ್ಲ.)

ಈಗ ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ, ಭಾಷೆ. ಈ ಸೀಮೆಯ ಇತಿಹಾಸವನ್ನು ಮೂಲದಲ್ಲಿ ಓದಬೇಕಾದರೆ ಕನ್ನಡ ಒಂದೇ ಸಾಲುವುದಿಲ್ಲ. ರಾಷ್ಟ್ರಕೂಟರು, ಚಾಲುಕ್ಯರು, ಕಳಚುರಿಗಳಿಗೆ ಹಳಗನ್ನಡದ ಶಾಸನ ಬೇಕು, ಜೊತೆಗೆ ಸಂಸ್ಕೃತ. 1347ರಲ್ಲಿ ಬಹಮನಿಗಳು ಗುಲಬರ್ಗಾದಲ್ಲಿ ರಾಜ್ಯ ಕಟ್ಟಿದ ಮೇಲೆ ದಫ್ತರ ಎಲ್ಲಾ ಫಾರ್ಸಿ. ಸೂಫಿ ಸಂತ ಬಂದೇ ನವಾಜರ ಕಾಲದಿಂದ ದಖ್ಖನಿ ಮಾತಿನ ಪರಂಪರೆ ಬೇರೆ. ಬೀದರ್, ಬಸವಕಲ್ಯಾಣ ಕಡೆ ಮರಾಠಿ ಕಾಗದಪತ್ರ ಇದ್ದರೆ ಅದು ಮರಾಠಿಯ ಹಳೆ ಓಟದ ಲಿಪಿಯಾದ ಮೋಡಿಯಲ್ಲಿ ಇರಬಹುದು. ನಿಜಾಮರ ಕೊನೆಯ ಕಾಲದಲ್ಲಿ ಉರ್ದು. 1956ರ ನವೆಂಬರ್ 1ರಂದು ನಾವು ಈ ಕಡೆ, ಆಗಿನ ಮೈಸೂರು ರಾಜ್ಯಕ್ಕೆ ಸೇರಿದೆವು, ಆದರೆ ಹೈದರಾಬಾದ್ ಸಂಸ್ಥಾನದ ದಾಖಲೆಗಳು ದೊಡ್ಡ ಪ್ರಮಾಣದಲ್ಲಿ ಹೈದರಾಬಾದಿನಲ್ಲೇ ಉಳಿದವು, ತಾರ್ನಾಕಾದ ತೆಲಂಗಾಣ ಪತ್ರಾಗಾರದಲ್ಲಿ. ನಮ್ಮ ಜಿಲ್ಲೆಗಳ ಇತಿಹಾಸ ಬರೆಯಬೇಕಾದವನು ಬೆಂಗಳೂರಿಗೆ ಹೋಗುವುದಕ್ಕಿಂತ ಮೊದಲು ಹೈದರಾಬಾದಿಗೆ ಹೋಗಬೇಕು.

ಇದನ್ನು ಕಷ್ಟ ಅಂತಲೂ ನೋಡಬಹುದು, ಅನುಕೂಲ ಅಂತಲೂ ನೋಡಬಹುದು. ನನಗೆ ಅನುಕೂಲವೇ ಜಾಸ್ತಿ ಕಾಣುತ್ತದೆ. ಕಲಬುರಗಿ, ಬೀದರಿನ ಒಂದು ಬಿಎ ಕ್ಲಾಸಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹುಡುಗಿ, ಉರ್ದು ಮಾಧ್ಯಮದಿಂದ ಬಂದ ಹುಡುಗಿ ಅಕ್ಕಪಕ್ಕದಲ್ಲೇ ಕೂತಿರುತ್ತಾರೆ. ಮೂರನೆಯವಳು ಔರಾದ ಕಡೆಯವಳು, ಮನೆಯಲ್ಲಿ ಮರಾಠಿ. ಶಿಕಸ್ತಾ ಅಂತ ಒಂದು ಓಟದ ಬರವಣಿಗೆ ಇದೆ, ಹಳೆ ಕಾಗದಗಳಲ್ಲಿ ಅದೇ ಇರುತ್ತದೆ, ಉರ್ದು ಬಂದವರಿಗೂ ಅದು ತಕ್ಷಣ ಓದಲಿಕ್ಕೆ ಬರುವುದಿಲ್ಲ. ಆದರೂ ಅಕ್ಷರದ ಪರಿಚಯ ಇದ್ದವಳಿಗೆ ಕಲಿಯಲಿಕ್ಕೆ ಅರ್ಧ ದಾರಿ ಉಳಿಯಿತು. ಈ ಮೂವರನ್ನು ಒಂದು ಪ್ರಾಜೆಕ್ಟಿಗೆ ಹಾಕಿದರೆ ದೊಡ್ಡ ಊರಿನ ದೊಡ್ಡ ಫೀ ಕಾಲೇಜಿಗೂ ಸುಲಭಕ್ಕೆ ಸಿಗದ ತಂಡ ಅದು. ನಾವು ಮಾಡುವುದೇನು? ಒಬ್ಬೊಬ್ಬರಿಗೂ ಬೇರೆ ಬೇರೆ ಭಾಷೆಯ ಗೈಡು ಕೊಟ್ಟು ಬೇರೆ ಬೇರೆ ಕೂರಿಸುತ್ತೇವೆ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕು, ಒಂದು ಶಾಸನ ಓದುವುದಕ್ಕೆ, ಒಂದು ಫಾರ್ಸಿಗೆ, ಒಂದು ಮೋಡಿಗೆ. ದೊಡ್ಡ ಖರ್ಚಿನ ಮಾತೇ ಅಲ್ಲ. ಮೂರು ಜಿಲ್ಲೆಗೆ ಇಷ್ಟೊಂದು ವಿಶ್ವವಿದ್ಯಾಲಯ ಮಾಡುವ ಬದಲು ಇರುವ ಒಂದರಲ್ಲಿ ಈ ಮೂರು ಕೋರ್ಸು ಗಟ್ಟಿಯಾಗಿ ನಡೆಸಿದ್ದರೆ ಇತಿಹಾಸಕ್ಕೆ ಜಾಸ್ತಿ ಉಪಕಾರ ಆಗುತ್ತಿತ್ತು ಅಂತ ನನ್ನ ಲೆಕ್ಕ.

ಇತಿಹಾಸದ ಕೆಲಸ ಬಾರದಿದ್ದರೆ ಏನು ನಷ್ಟ ಅನ್ನುವುದು ಪ್ರತಿ ಸೆಪ್ಟೆಂಬರ್ 17ಕ್ಕೆ, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಕಾಣುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದು 13 ತಿಂಗಳ ಮೇಲೆ, 1948ರ ಸೆಪ್ಟೆಂಬರ್ 13ಕ್ಕೆ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಅದಕ್ಕೆ ಮುಂಚೆ ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ. ಬಸವಕಲ್ಯಾಣ ಕಡೆಯ ಗೋರಟಾದಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ ಹತ್ಯಾಕಾಂಡ ನಡೆಯಿತು, 200ಕ್ಕೂ ಹೆಚ್ಚು ಜನ ಸತ್ತರು ಅಂತ ಊರು ನೆನಪಿಟ್ಟುಕೊಂಡಿದೆ. ಸೇನೆ ಬಂದ ಮೇಲೆ ಇನ್ನೊಂದು ನಡೆಯಿತು. ಈ ಸಲ ಹಳ್ಳಿ ಹಳ್ಳಿಯಲ್ಲಿ ಮುಸ್ಲಿಮರ ಮೇಲೆ ದಾಳಿ. ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರನ್ನು ನೋಡಿಕೊಂಡು ಬರಲು ಕಳಿಸಿತು. ಅವರ ವರದಿ ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಅಂತ ಅಂದಾಜು ಮಾಡಿತು. ಅತಿ ಹೆಚ್ಚು ಅನಾಹುತ ಆದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಗುಲಬರ್ಗಾ, ಬೀದರ್ ಇವೆ. ಆ ವರದಿ ದಶಕಗಟ್ಟಲೆ ಪ್ರಕಟ ಆಗಲಿಲ್ಲ, ಜನರಿಗೆ ನೋಡಲು ಸಿಕ್ಕಿದ್ದು 2013ರ ಹೊತ್ತಿಗೆ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ.

ಈಗ ವೇದಿಕೆ ಮೇಲೆ ನಿಂತವರು ಏನು ಮಾಡುತ್ತಾರೆ? ಒಬ್ಬರು ಮೊದಲನೆಯದನ್ನಷ್ಟೇ ಹೇಳುತ್ತಾರೆ, ಇನ್ನೊಬ್ಬರು ಎರಡನೆಯದನ್ನಷ್ಟೇ. ವಾಟ್ಸಾಪ್‌ನಲ್ಲಿ ಎರಡೂ ಹತ್ತು ಪಟ್ಟು ಆಗಿ ಬರುತ್ತವೆ. ಇತಿಹಾಸ ಓದಿದವನು ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಕು, ಇಟ್ಟು ಎರಡಕ್ಕೂ ಅದೇ ಪ್ರಶ್ನೆ ಕೇಳಬೇಕು. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ತಾವೇ ಕಂಡದ್ದಾ ಕೇಳಿದ್ದಾ, ಎಣಿಸಿದವರು ಯಾರು? ಸುಂದರಲಾಲ್ ಸಮಿತಿಯೂ ಎಲ್ಲಾ ಕಡೆ ಹೋಗಿರಲಿಲ್ಲ, ಆಗಿನ 16 ಜಿಲ್ಲೆಗಳಲ್ಲಿ 9ಕ್ಕೆ ಹೋಗಿತ್ತು, ಉಳಿದದ್ದು ಅಂದಾಜು. ಗೋರಟಾದ ನೆನಪು ಮನೆ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಹಾಗಂತ ಎರಡನ್ನೂ ತಳ್ಳಿಹಾಕುವ ಹಾಗಿಲ್ಲ, ಎಷ್ಟು ಭಾರ ಹೊರುತ್ತವೆ ಅಂತ ತೂಗಿ ನೋಡಬೇಕು. ಈ ಅಭ್ಯಾಸ ಇಲ್ಲದ ಪದವೀಧರನಿಗೂ ಭಾಷಣ ಕೇಳಿ ಶಿಳ್ಳೆ ಹೊಡೆಯುವವನಿಗೂ ಏನು ವ್ಯತ್ಯಾಸ ಉಳಿಯಿತು?

ಇದಕ್ಕೆ ಸಮಯವೂ ಮೀರುತ್ತಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಇವತ್ತಿನ ಬಿಎ ಹುಡುಗರ ಮುತ್ತಜ್ಜಿಯರು ಅವರು. ಕೈಯಲ್ಲಿ ಫೋನಿದೆ, ರೆಕಾರ್ಡ್ ಮಾಡಬಹುದು. ದಿನಾಂಕ, ಊರು, ಹೇಳಿದವರ ಒಪ್ಪಿಗೆ ಬರೆದಿಟ್ಟುಕೊಂಡು, ನಡುವೆ ಬಾಯಿ ಹಾಕದೇ ಕೇಳುವುದನ್ನು ಕಾಲೇಜು ಕಲಿಸಬೇಕು ಅಷ್ಟೇ. 'ಆಯಿ, ಆಗ ನೀವು ಎಲ್ಲಿದ್ರಿ?' ಅಂತ ಶುರು ಮಾಡಿದರೆ ಸಾಕು. ಇನ್ನು ಹತ್ತು ವರ್ಷ ಆದಮೇಲೆ ಈ ಕೆಲಸ ಯಾರಿಂದಲೂ ಆಗುವುದಿಲ್ಲ.

ಸರಿ, ಕಾಕಾ ಕೇಳಿದ ನೌಕರಿಗೆ ಬರೋಣ. ಸಕ್ಕರೆ ಹಚ್ಚದೇ ಹೇಳುತ್ತೇನೆ. ಬಿಎ ಇತಿಹಾಸ ಒಂದರಿಂದಲೇ ಬರುವ ನೌಕರಿ ಬಹಳ ಕಡಿಮೆ. ಹೈಸ್ಕೂಲು ಮೇಷ್ಟ್ರಾಗಬೇಕಾದರೆ ಮೇಲೆ ಎರಡು ವರ್ಷ ಬಿಎಡ್, ಆಮೇಲೆ ನೇಮಕಾತಿ ಪರೀಕ್ಷೆ. ಪಿಯು ಉಪನ್ಯಾಸಕ ಆಗಬೇಕಾದರೆ ಎಂಎ ಶೇ 55 ಜೊತೆಗೆ ಬಿಎಡ್, ಅಂದ್ರೆ ಪಿಯುಸಿ ಆದಮೇಲೆ ಏಳು ವರ್ಷ, ಅಷ್ಟಾದ ಮೇಲೆ ನೋಟಿಫಿಕೇಶನ್‌ಗೆ ಕಾಯುವುದು. ಡಿಗ್ರಿ ಕಾಲೇಜಿಗೆ ಎಂಎ ಮತ್ತು ನೆಟ್ ಇಲ್ಲವೇ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ. ನೆಟ್‌ನ ಇತಿಹಾಸ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಬರುತ್ತದೆ, ಕನ್ನಡದಲ್ಲೇ ಎಂಎ ಮುಗಿಸಿದವರಿಗೆ ಅದೇ ಮೊದಲ ಗೋಡೆ. ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಇದೆಯಲ್ಲ ಅನ್ನಬಹುದು. 2012ರ 98ನೇ ತಿದ್ದುಪಡಿಯಿಂದ ಬಂದ ಆ ಕಲಮಿನಿಂದ ನಮ್ಮ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಡಿ ಹುದ್ದೆಗಳಲ್ಲಿ ಶೇ 85 ನಮ್ಮವರಿಗೇ ಮೀಸಲು. ಆದರೆ ಹುದ್ದೆ ತುಂಬಿದರೆ ತಾನೇ ಮೀಸಲಾತಿ? ಖಾಲಿ ಹುದ್ದೆಯ ಶೇ 80 ಅಂದರೂ ಖಾಲಿಯೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಇತಿಹಾಸ ಸಹಾಯ ಆಗುತ್ತದೆ ಅನ್ನುವುದು ಖರೇ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕಕ್ಕೆ 500 ಅಂಕ, ಇತಿಹಾಸ ತಗೊಂಡರೆ ಮೊದಲ ಪತ್ರಿಕೆಯಲ್ಲಿ ನಕ್ಷೆ ಗುರುತಿಸುವುದಕ್ಕೇ 50. ಉತ್ತರ ಕನ್ನಡದಲ್ಲಿ ಬರೆಯಬಹುದು, ಪ್ರಶ್ನೆ ಮಾತ್ರ ಇಂಗ್ಲಿಷ್ ಹಿಂದಿಯಲ್ಲಿ. ಆದರೆ ಡಿಗ್ರಿಯನ್ನೇ ಕೋಚಿಂಗ್ ಕ್ಲಾಸಿನ ಹಾಗೆ ಓದಿದರೆ ಎರಡೂ ಕೈತಪ್ಪುತ್ತವೆ. ಪರೀಕ್ಷೆ ನಂಬಿ ಕೂತರೆ ಏನಾಗುತ್ತದೆ ಅಂತ ಕಲಬುರಗಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಪರೀಕ್ಷೆ ಆಗಿ, ಅಕ್ರಮ ಬಯಲಾಗಿ, ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ಕ್ಕೆ. ಪ್ರಾಮಾಣಿಕವಾಗಿ ಬರೆದ ಹುಡುಗರ ವಯಸ್ಸು ಅಷ್ಟರಲ್ಲಿ ಎಲ್ಲಿಗೆ ಹೋಯಿತು?

ಕೆಲಸ ಕಲಿತವರಿಗೆ ದಾರಿ ಬೇರೆ ಇವೆ, ಅಗಲ ಕಡಿಮೆ, ಆದರೆ ನೂಕುನುಗ್ಗಲೂ ಕಡಿಮೆ. ಕೇಂದ್ರ ಪುರಾತತ್ವ ಇಲಾಖೆಯೇ ಗ್ರೇಟರ್ ನೋಯ್ಡಾದಲ್ಲಿ ಎರಡು ವರ್ಷದ ಪಿಜಿ ಡಿಪ್ಲೊಮಾ ನಡೆಸುತ್ತದೆ, ಎಂಎ ಆದವರು ಅದಕ್ಕೆ ಅರ್ಜಿ ಹಾಕಬಹುದು. ಸಂಸ್ಕೃತ, ದ್ರಾವಿಡ ಭಾಷೆಗಳ ಶಾಸನ ಶಾಖೆ ಮೈಸೂರಿನಲ್ಲಿದೆ, ಅರೇಬಿಕ್, ಫಾರ್ಸಿ ಶಾಸನಗಳದ್ದು ನಾಗಪುರದಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜು ಇವೆ. ಈ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರೇ ನಮ್ಮ ಯಾದಗಿರಿಯ ಹುಣಸಗಿ ಕಣಿವೆಯಲ್ಲಿ ವರ್ಷಗಟ್ಟಲೆ ತಿರುಗಿ ಈಸಾಂಪುರದಲ್ಲಿ ಅಗೆದದ್ದು. ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಅದು, ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಅಂತ ಅಂದಾಜಿದೆ. ಪುಣೆಯಿಂದ ಅವರು ಬಂದರು, ಇಲ್ಲಿಂದ ನಾವು ಎಷ್ಟು ಜನ ಹೋದೆವು? ಇನ್ನು ಬಿಎ ಆದಮೇಲೆ ಮೂರು ವರ್ಷದ ಕಾನೂನು ಓದುವವರಿಗೂ ಇದೇ ಅಭ್ಯಾಸ ಬೇಕು. ಸಾಕ್ಷಿ ತೂಗುವುದು, ಹಳೆ ಕಾಗದ ಓದುವುದು, ನಿಜಾಮರ ಕಾಲದ ಜಮೀನು ಪತ್ರ ಕೈಗೆ ಬಂದರೆ ಗಾಬರಿ ಆಗದೇ ಇರುವುದು.

ಹಾಗಾಗಿ ಅಡ್ಮಿಷನ್‌ಗೆ ಹೋದಾಗ ಫೀ ಎಷ್ಟು, ಹಾಸ್ಟೆಲ್ ಸಿಗುತ್ತಾ ಅಂತ ಕೇಳಿದ ಮೇಲೆ ಇನ್ನೂ ಎರಡು ಮಾತು ಕೇಳಿ. ಇತಿಹಾಸಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಜನ ಇದ್ದಾರೆ? ಹೋದ ವರ್ಷದ ಹುಡುಗರು ಮಾಡಿದ ಒಂದು ಪ್ರಾಜೆಕ್ಟ್ ತೋರಿಸುತ್ತೀರಾ? ತೋರಿಸಿದ್ದರಲ್ಲಿ ಇಂಟರ್ನೆಟ್ಟಿನಿಂದ ಇಳಿಸಿದ 'ಮೊಘಲರ ಆಡಳಿತ' ಇದ್ದರೆ ಒಂದು ಲೆಕ್ಕ, ಪಕ್ಕದ ಹಳ್ಳಿ ಅಗಸಿ ಬಾಗಿಲ ಶಾಸನದ ಫೋಟೋ, ಅದರ ಪಾಠ ಇದ್ದರೆ ಇನ್ನೊಂದು ಲೆಕ್ಕ. ಎರಡನೆಯದು ಇರುವ ಕಾಲೇಜು ಸ್ವಲ್ಪ ದೂರ ಆದರೂ ಅಲ್ಲಿಗೇ ಹೋಗಿ.

ಈಗಾಗಲೇ ಸೇರಿಬಿಟ್ಟವರು ಕಾಲೇಜು ಬದಲಾಗಲಿ ಅಂತ ಕಾಯಬೇಡಿ. ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ, ಅದರ ಅನುಕ್ರಮಣಿಕೆಯಲ್ಲಿ ನಿಮ್ಮ ಊರು, ಪಕ್ಕದ ಊರಿನ ಹೆಸರು ಹುಡುಕಿ. ಸಿಕ್ಕರೆ ಕಲ್ಲು ಎಲ್ಲಿದೆ ಅಂತ ಹೋಗಿ ನೋಡಿ, ಪುಸ್ತಕದಲ್ಲಿದ್ದ ಜಾಗದಲ್ಲೇ ಇದೆಯಾ, ಸುಣ್ಣ ಬಳಿದಿದ್ದಾರಾ, ಅರ್ಧ ಮಣ್ಣಲ್ಲಿ ಹೂತಿದೆಯಾ ಬರೆದುಕೊಳ್ಳಿ. ಶುರು ಎಲ್ಲಿಂದ ಅಂತ ಗೊತ್ತಾಗದಿದ್ದರೆ ಮಳಖೇಡಕ್ಕೆ ಹೋಗಿ. ಕಲಬುರಗಿಯಿಂದ ಸುಮಾರು 40 ಕಿ.ಮೀ., ಸೇಡಂ ಬಸ್ ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ರಾಜಧಾನಿ, ಕಾಗಿಣಾ ದಂಡೆಯ ಕೋಟೆ, ಹಳೆ ಬಸದಿ, ಮಧ್ವ ಪರಂಪರೆಯ ಯತಿ ಟೀಕಾಚಾರ್ಯರ ವೃಂದಾವನ ಎಲ್ಲಾ ನಡೆದಾಡುವಷ್ಟು ದೂರದಲ್ಲಿವೆ. ಯಾವ ಗೋಡೆ ಯಾರ ಕಾಲದ್ದು ಅಂತ ಬೇರ್ಪಡಿಸಲಿಕ್ಕೇ ಒಂದು ದಿನ ಬೇಕು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಹುಡುಗರು ಸ್ಟೂಡೆಂಟ್ ಪಾಸ್ ಆ ರೂಟಿಗೆ ನಡೆಯುತ್ತಾ ಅಂತ ಕಂಡಕ್ಟರನ್ನು ಮೊದಲೇ ಕೇಳಿಕೊಳ್ಳಿ, ಆಮೇಲೆ ಬಸ್ಸಿನಲ್ಲಿ ಜಗಳ ಬೇಡ.